ಬೀಗ ಕೊಡುವ ಸುಳಿವು: ಕೀಲಿಕೈ ಇಲ್ಲದೆ ಬೀಗ ತೆರೆಯುವ ಹವ್ಯಾಸ

ಐದು ಪಿನ್‌ಗಳ, ಅಂದರೆ ಒಳಗೆ ಅಡ್ಡ ನಿಂತು ತಡೆಯುವ ಐದು ಸಣ್ಣ ಲೋಹದ ತುಂಡುಗಳ, ಸಾಮಾನ್ಯ ಬೀಗವೊಂದನ್ನು ತೆಗೆದುಕೊಳ್ಳೋಣ. ಪ್ರತಿ ಪಿನ್‌ಗೂ ಹತ್ತು ಬೇರೆ ಬೇರೆ ಉದ್ದಗಳು ಸಾಧ್ಯ ಎಂದಿಟ್ಟುಕೊಂಡರೆ, ಲೆಕ್ಕದ ಪ್ರಕಾರ ಅದಕ್ಕೆ 1,00,000 ಬಗೆಯ ಕೀಲಿಕೈಗಳು ಇರಬಹುದು. ಅಷ್ಟನ್ನೂ ಗುಡ್ಡೆ ಹಾಕಿಕೊಂಡು ಒಂದೊಂದಾಗಿ ತಿರುಗಿಸಿ ನೋಡುತ್ತ ಕುಳಿತರೆ ವಾರಗಟ್ಟಲೆ ಸಮಯ ಬೇಕು. ಆದರೂ ಈ ಹವ್ಯಾಸಕ್ಕೆ ಕೈಹಾಕಿದ ಹೊಸಬರು ಸ್ವಲ್ಪ ದಿನಗಳ ಅಭ್ಯಾಸದ ನಂತರ ಎರಡು ಸಣ್ಣ ಉಕ್ಕಿನ ಕಡ್ಡಿಗಳಿಂದ ಅಂಥ ಬೀಗವನ್ನು ನಿಮಿಷಗಳಲ್ಲಿ ತೆರೆಯುತ್ತಾರೆ. ಒಂದು ಲಕ್ಷದ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಅವರು ಆ ಲೆಕ್ಕದ ದಾರಿಯನ್ನು ತುಳಿಯುವುದೇ ಇಲ್ಲ.

ಐದೂ ಉತ್ತರಗಳನ್ನು ಒಟ್ಟಿಗೆ ಕೇಳುವುದರಲ್ಲಿ ಬೀಗದ ಬಲವಿದೆ. ನಾಲ್ಕು ಸರಿಯಿದ್ದು ಒಂದು ತಪ್ಪಿದರೂ ಅದು ತೆರೆಯಬಾರದು. ಯಾವುದು ಸರಿ, ಯಾವುದು ತಪ್ಪು ಎಂಬ ಗುಟ್ಟನ್ನೂ ಬಿಟ್ಟುಕೊಡಬಾರದು. ನಕ್ಷೆಯಲ್ಲಿ ಬರೆದ ಬೀಗ ಹಾಗೆಯೇ ನಡೆದುಕೊಳ್ಳುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಲೋಹದ ಬೀಗ ಮಾತ್ರ ಗುಟ್ಟನ್ನು ಕಂತುಗಳಲ್ಲಿ ಬಿಟ್ಟುಕೊಡುತ್ತದೆ. ಒಂದು ಲಕ್ಷದ ಗುಣಾಕಾರ ಅಲ್ಲಿಗೆ ಕಳಚಿಬಿದ್ದು ಐದು ಬಿಡಿ ಪ್ರಶ್ನೆಗಳಾಗುತ್ತದೆ. ಈ ಕಲೆಯ ತಿರುಳು ಇಷ್ಟೇ. ಉಳಿದದ್ದು ಬೆರಳುಗಳಿಗೆ ಅದನ್ನು ಅರ್ಥಮಾಡಿಸುವ ಕೆಲಸ, ಅದಕ್ಕೆ ಸಮಯ ಹಿಡಿಯುತ್ತದೆ.

ಮೊದಲು ಒಳಗಿನ ರಚನೆ. ಇಂದು ಬಾಗಿಲುಗಳಲ್ಲೂ ಪ್ಯಾಡ್‌ಲಾಕ್‌ಗಳಲ್ಲೂ ಹೆಚ್ಚಾಗಿ ಕಾಣುವುದು ಪಿನ್ ಟಂಬ್ಲರ್ ಎಂಬ ಬಗೆ. ಬೀಗದ ಒಡಲಿನಲ್ಲಿ ಒಂದು ದುಂಡನೆಯ ರಂಧ್ರ, ಅದರೊಳಗೆ ತಿರುಗಬಲ್ಲ ಒಂದು ದುಂಡು ತುಂಡು. ಇದಕ್ಕೆ ಪ್ಲಗ್ ಎನ್ನುತ್ತಾರೆ. ಕೀಲಿಕೈ ಹೋಗುವ ಸೀಳು ಇರುವುದು ಈ ಪ್ಲಗ್‌ನಲ್ಲಿ. ಒಡಲಿನಿಂದ ಪ್ಲಗ್‌ನೊಳಕ್ಕೆ ಸಾಲಾಗಿ ಐದು ತೂತುಗಳನ್ನು ಕೊರೆದಿರುತ್ತಾರೆ. ಬೀಗವನ್ನು ಪಿನ್‌ಗಳು ಮೇಲ್ಗಡೆ ಇರುವಂತೆ ಹಿಡಿದುಕೊಂಡರೆ, ಪ್ರತಿ ತೂತಿನಲ್ಲೂ ಕೆಳಗಿನಿಂದ ಮೇಲಕ್ಕೆ ಮೂರು ವಸ್ತುಗಳಿರುತ್ತವೆ: ಕೀಲಿಕೈಗೆ ತಾಗುವ ಕೀ ಪಿನ್, ಅದರ ಮೇಲೆ ಡ್ರೈವರ್ ಪಿನ್, ಅದನ್ನು ಕೆಳಕ್ಕೆ ಒತ್ತುವ ಸ್ಪ್ರಿಂಗ್. ಕೀ ಪಿನ್‌ಗಳ ಉದ್ದ ಒಂದೊಂದು ತೂತಿನಲ್ಲಿ ಒಂದೊಂದು ಥರ. ಕೀಲಿಕೈಯ ಹಲ್ಲುಗಳ ಏರಿಳಿತ ಆ ಉದ್ದಗಳಿಗೆ ಹೊಂದುವಂತೆ ಕತ್ತರಿಸಿದ್ದು.

ಕೀಲಿಕೈ ಇಲ್ಲದಾಗ ಸ್ಪ್ರಿಂಗ್‌ಗಳು ಡ್ರೈವರ್ ಪಿನ್‌ಗಳನ್ನು ಕೆಳಕ್ಕೆ ತಳ್ಳಿ, ಅರ್ಧ ಒಡಲಿನಲ್ಲಿ ಅರ್ಧ ಪ್ಲಗ್‌ನಲ್ಲಿ ಇರುವಂತೆ ನಿಲ್ಲಿಸುತ್ತವೆ. ಅಡ್ಡ ನಿಂತ ಪಿನ್‌ಗಳು ಪ್ಲಗ್ ತಿರುಗಲು ಬಿಡುವುದಿಲ್ಲ. ಸರಿಯಾದ ಕೀಲಿಕೈ ಒಳಗೆ ಹೋದಾಗ ಪ್ರತಿ ಜೋಡಿಯ ಸಂದು, ಅಂದರೆ ಕೀ ಪಿನ್ ಮುಗಿದು ಡ್ರೈವರ್ ಪಿನ್ ಶುರುವಾಗುವ ಜಾಗ, ಪ್ಲಗ್ ಮತ್ತು ಒಡಲಿನ ನಡುವಿನ ಗಡಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಈ ಗಡಿಗೆ ಶಿಯರ್ ಲೈನ್ ಎಂದು ಹೆಸರು. ಐದು ಸಂದುಗಳೂ ಗಡಿಯಲ್ಲಿದ್ದರೆ ತಡೆಯುವವರು ಯಾರೂ ಇಲ್ಲ, ಪ್ಲಗ್ ತಿರುಗುತ್ತದೆ.

ಗುಟ್ಟು ಸೋರುವುದು ಆ ತೂತುಗಳಿಂದ. ಐದನ್ನೂ ಒಂದೇ ನೇರಕ್ಕೆ ಕೊರೆಯಬೇಕೆಂಬುದು ಉದ್ದೇಶ. ಆದರೆ ಒಂದು ತೂತು ಕೂದಲೆಳೆಯಷ್ಟು ಎಡಕ್ಕೆ, ಇನ್ನೊಂದು ಅದಕ್ಕಿಂತ ತುಸು ಬಲಕ್ಕೆ ಸರಿದಿರುತ್ತದೆ. ಪಿನ್‌ಗಳ ದಪ್ಪದಲ್ಲೂ ಕಣ್ಣಿಗೆ ಕಾಣದಷ್ಟು ವ್ಯತ್ಯಾಸವಿರುತ್ತದೆ. ಹೀಗಾಗಿ ಕೀಲಿಕೈ ಇಲ್ಲದೆ ಪ್ಲಗ್ ಅನ್ನು ಸ್ವಲ್ಪವೇ ತಿರುಗಿಸಲು ಯತ್ನಿಸಿದರೆ ಐದೂ ಪಿನ್‌ಗಳು ಸಮನಾಗಿ ತಡೆಯುವುದಿಲ್ಲ. ಯಾವ ತೂತು ಹೆಚ್ಚು ಸರಿದಿದೆಯೋ ಅದರ ಡ್ರೈವರ್ ಪಿನ್ ಮೊದಲು ಸಿಕ್ಕಿಕೊಳ್ಳುತ್ತದೆ. ಉಳಿದ ನಾಲ್ಕು ಇನ್ನೂ ಸಡಿಲವಾಗಿರುತ್ತವೆ. ಆ ಒಂದನ್ನು ಹುಡುಕಿ ಮೆಲ್ಲಗೆ ಎತ್ತಿದರೆ, ಅದರ ಸಂದು ಗಡಿಗೆ ಬಂದ ಕ್ಷಣದಲ್ಲಿ ಪ್ಲಗ್ ಒಂದಿಷ್ಟು ಮುಂದಕ್ಕೆ ತಿರುಗುತ್ತದೆ. ಹಾಗೆ ತಿರುಗಿದ ಪ್ಲಗ್‌ನ ಅಂಚು ಡ್ರೈವರ್ ಪಿನ್‌ಗೆ ಪುಟ್ಟ ಜಗಲಿಯಾಗಿ ನಿಲ್ಲುತ್ತದೆ. ಸ್ಪ್ರಿಂಗ್ ಒತ್ತಿದರೂ ಪಿನ್ ಕೆಳಗೆ ಬೀಳುವುದಿಲ್ಲ. ಈಗ ಎರಡನೆಯ ಸರದಿಯ ಪಿನ್ ಸಿಕ್ಕಿಕೊಳ್ಳುತ್ತದೆ. ಸರದಿ ಮುಂದಿನಿಂದ ಹಿಂದಕ್ಕೆ ಹೋಗಬೇಕೆಂದೇನೂ ಇಲ್ಲ. ಒಂದು ಬೀಗದಲ್ಲಿ ಮೂರು, ಒಂದು, ಐದು, ಎರಡು, ನಾಲ್ಕು ಎಂದಿದ್ದರೆ, ಅದೇ ಕಂಪನಿಯ ಅದೇ ಮಾದರಿಯ ಪಕ್ಕದ ಬೀಗದಲ್ಲಿ ಬೇರೆಯೇ ಇರುತ್ತದೆ.

ಹಾಗಾದರೆ ತೂತುಗಳನ್ನು ಕರಾರುವಾಕ್ಕಾಗಿ ಕೊರೆಯಬಾರದೇ ಎಂದು ಕೇಳಬಹುದು. ದುಬಾರಿ ಬೀಗಗಳು ಅದನ್ನೇ ಮಾಡುತ್ತವೆ, ಅವು ಕಷ್ಟವೂ ಹೌದು. ಆದರೆ ಒಂದಿಷ್ಟೂ ಸಡಿಲವಿಲ್ಲದ ಬೀಗಕ್ಕೆ ತುಸು ಧೂಳು ಸೇರಿದರೂ, ಕೀಲಿಕೈಯ ಹಲ್ಲು ತುಸು ಸವೆದರೂ ಅದು ಯಜಮಾನನಿಗೇ ತೆರೆಯುವುದಿಲ್ಲ. ದಿನನಿತ್ಯ ಕೆಲಸ ಮಾಡಲು ಬೇಕಾದ ಅದೇ ಸಡಿಲ ಕಡ್ಡಿ ಹಿಡಿದವನಿಗೂ ದಾರಿ ಕೊಡುತ್ತದೆ.

ಉಪಕರಣಗಳ ವಿಷಯಕ್ಕೆ ಬರೋಣ. ಬೇಕಾದದ್ದು ಎರಡು. ಒಂದು ಪಿಕ್: ಅರ್ಧ ಮಿಲಿಮೀಟರ್ ಆಸುಪಾಸಿನ ದಪ್ಪದ, ತುದಿ ಬಾಗಿದ ಉಕ್ಕಿನ ಪಟ್ಟಿ. ಇನ್ನೊಂದು ಟೆನ್ಷನ್ ರೆಂಚ್: ಕೀಲಿಕೈಯ ಸೀಳಿಗೆ ಸಿಕ್ಕಿಸಿ ಪ್ಲಗ್ ಅನ್ನು ತಿರುಗುವ ದಿಕ್ಕಿಗೆ ತಳ್ಳುವ ಮೊಣಕೈ ಆಕಾರದ ಕಡ್ಡಿ. ಮೂವತ್ತು ನಲವತ್ತು ತುಂಡುಗಳ ದೊಡ್ಡ ಸೆಟ್‌ಗಳು ನೋಡಲು ಚೆಂದ, ಆದರೆ ಅದರಲ್ಲಿ ಹೆಚ್ಚಿನವು ಚೀಲದಿಂದ ಹೊರಗೆ ಬರುವುದೇ ಇಲ್ಲ. ಪಿಕ್‌ಗಳಲ್ಲಿ ಕೊಕ್ಕೆ ತುದಿಯ ಒಂದು ಗಿಡ್ಡ ಹುಕ್, ಒಂದು ಮಧ್ಯಮ ಹುಕ್, ಅಲೆಯಂಥ ತುದಿಯ ಒಂದು ರೇಕ್, ಬೇರೆ ಬೇರೆ ದಪ್ಪದ ಎರಡು ಮೂರು ರೆಂಚ್‌ಗಳು ಸಾಕು. ಹಣ ಉಳಿದರೆ ಅದು ಬೀಗಗಳಿಗೆ ಹೋಗಲಿ.

ಎಲ್ಲರ ಕಣ್ಣೂ ಪಿಕ್ ಮೇಲೆ, ಕೆಲಸದ ಭಾರವೆಲ್ಲ ರೆಂಚ್ ಮೇಲೆ. ಪಿನ್‌ಗಳು ಯಾವ ಸ್ಥಿತಿಯಲ್ಲಿವೆ ಎಂಬ ಸುದ್ದಿ ಹೆಚ್ಚಾಗಿ ಬರುವುದು ರೆಂಚ್ ಹಿಡಿದ ಬೆರಳಿಗೆ. ಹೊಸಬರೆಲ್ಲ ಅದನ್ನು ಮಿತಿಮೀರಿ ಒತ್ತುತ್ತಾರೆ. ಹಾಗೆ ಒತ್ತಿದರೆ ಐದೂ ಪಿನ್‌ಗಳು ಒಟ್ಟಿಗೆ ಬಿಗಿದುಕೊಂಡು ಯಾವುದು ಮೊದಲಿನದು ಎಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ, ಪಿಕ್ ಬಾಗುತ್ತದೆ, ಬೆರಳು ನೋಯುತ್ತದೆ. ಹಣ್ಣು ಮಾಗಿದೆಯೇ ಎಂದು ನೋಡುವಾಗ ಅದಕ್ಕೆ ಗಾಯವಾಗದಂತೆ ಎಷ್ಟು ಒತ್ತುತ್ತೇವೋ ಅಷ್ಟು ಒತ್ತಡ ಸಾಕು. ರೆಂಚ್ ಅನ್ನು ಸೀಳಿನ ಯಾವ ತುದಿಗೆ ಸಿಕ್ಕಿಸಬೇಕು ಎಂಬುದರಲ್ಲೂ ಆಯ್ಕೆಯಿದೆ. ಪಿನ್‌ಗಳಿಂದ ದೂರದ ತುದಿಗೆ ಸಿಕ್ಕಿಸುವುದು ಸುಲಭ, ಆದರೆ ಪಿಕ್ ಓಡಾಡುವ ಜಾಗವನ್ನು ಅದು ತಿನ್ನುತ್ತದೆ. ಪಿನ್‌ಗಳಿರುವ ಕಡೆಯ ತುದಿಗೆ, ಮೊದಲ ಪಿನ್‌ಗೆ ತಾಗದಂತೆ ಚಪ್ಪಟೆ ರೆಂಚ್ ಕೂರಿಸಿದರೆ ಸೀಳು ತೆರವಾಗಿರುತ್ತದೆ ಮತ್ತು ಸುದ್ದಿಯೂ ಸ್ಪಷ್ಟವಾಗಿ ಬರುತ್ತದೆ. ಅಭ್ಯಾಸವಾದವರಲ್ಲಿ ಬಹುಪಾಲು ಮಂದಿ ಎರಡನೆಯದನ್ನೇ ಮೆಚ್ಚುತ್ತಾರೆ.

ಈಗ ಬೀಗದ ಮುಂದೆ ಕೂರೋಣ. ರೆಂಚ್ ಮೇಲೆ ಬೆರಳಿಟ್ಟು, ಹುಕ್ ಅನ್ನು ಕೊನೆಯವರೆಗೆ ಒಳಗೆ ಬಿಟ್ಟು, ಮೆಲ್ಲಗೆ ಹೊರಕ್ಕೆ ಎಳೆಯುತ್ತ ಪ್ರತಿ ಪಿನ್ ಅನ್ನೂ ಒಮ್ಮೆ ಮುಟ್ಟಿ ನೋಡಬೇಕು. ಐದನೆಯದು ಸ್ಪ್ರಿಂಗ್‌ನ ಮೇಲೆ ಹಗುರವಾಗಿ ಕುಣಿಯುತ್ತದೆ. ನಾಲ್ಕನೆಯದೂ ಅಷ್ಟೇ. ಮೂರನೆಯದಕ್ಕೆ ಬಂದಾಗ ಪಿಕ್‌ನ ತುದಿಗೆ ಗಟ್ಟಿಯಾದದ್ದೇನೋ ತಾಗುತ್ತದೆ. ಸ್ಪ್ರಿಂಗ್‌ನ ಮೆದುತನ ಅಲ್ಲಿಲ್ಲ. ಸಿಕ್ಕಿಕೊಂಡಿರುವ ಪಿನ್ ಇದೇ. ಎತ್ತುವ ಒತ್ತಡವನ್ನು ಇಷ್ಟಿಷ್ಟೇ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಸಣ್ಣ 'ಟಿಕ್' ಕೇಳಿಸುತ್ತದೆ. ಕಿವಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಅದೇ ಗಳಿಗೆಯಲ್ಲಿ ರೆಂಚ್ ಕೂದಲೆಳೆಯಷ್ಟು ಜಾರುತ್ತದೆ. ಪಿಕ್ ಇಳಿಸಿ ಮತ್ತೆ ಮುಟ್ಟಿದರೆ ಮೂರನೆಯ ಕೀ ಪಿನ್ ತುಸು ಸಡಿಲವಾಗಿ ಆಡುತ್ತದೆ, ಏಕೆಂದರೆ ಸ್ಪ್ರಿಂಗ್‌ನ ಭಾರ ಈಗ ಅದರ ಮೇಲಿಲ್ಲ. ಇನ್ನು ಗಟ್ಟಿಯಾಗಿರುವ ಮುಂದಿನದನ್ನು ಹುಡುಕಬೇಕು. ಹೀಗೆ ಐದು ಸಲ. ಕೊನೆಯ ಪಿನ್ ಕೂತಾಗ ಯಾವ ಮುನ್ಸೂಚನೆಯೂ ಇಲ್ಲದೆ ಪ್ಲಗ್ ತಿರುಗಿಬಿಡುತ್ತದೆ, ಮೊದಲ ಬಾರಿ ಬಹಳ ಜನ ಬೆಚ್ಚಿಬೀಳುತ್ತಾರೆ.

ಎಡವುವುದು ಹೆಚ್ಚಾಗಿ ಒಂದೇ ಕಡೆ. ಪಿನ್ ಅನ್ನು ಬೇಕಾದದ್ದಕ್ಕಿಂತ ಮೇಲಕ್ಕೆ ಎತ್ತಿದರೆ ಕೀ ಪಿನ್ನೇ ಗಡಿಯನ್ನು ದಾಟಿ ಅಡ್ಡ ನಿಲ್ಲುತ್ತದೆ. ಆಗ ಬೀಗ ಮೊಂಡು ಹಿಡಿಯುತ್ತದೆ, ಮುಂದೆ ಏನು ಮಾಡಿದರೂ ಫಲವಿಲ್ಲ. ರೆಂಚ್‌ನ ಒತ್ತಡವನ್ನು ಪೂರ್ತಿ ಬಿಟ್ಟು ಹೊಸದಾಗಿ ಶುರುಮಾಡುವುದೇ ಸರಿ. ಬಿಡುವಾಗ ಒಮ್ಮೆಲೇ ಬಿಡಬೇಡಿ. ಕಿವಿಯನ್ನು ಬೀಗದ ಹತ್ತಿರ ತಂದು ನಿಧಾನವಾಗಿ ಸಡಿಲಿಸಿದರೆ ಪಿನ್‌ಗಳು ಒಂದೊಂದಾಗಿ ಬೀಳುವ ಸದ್ದು ಕೇಳಿಸುತ್ತದೆ. ಎಷ್ಟು ಸದ್ದು ಬಂತೋ ಅಷ್ಟು ಪಿನ್‌ಗಳನ್ನು ಹಿಡಿದಿದ್ದಿರಿ ಎಂದರ್ಥ, ಸೋತ ಪ್ರಯತ್ನದಿಂದಲೂ ಇಷ್ಟು ಲೆಕ್ಕ ಸಿಗುತ್ತದೆ.

ಇದಕ್ಕಿಂತ ಬೇಗದ ದಾರಿಯೂ ಇದೆ. ಅಲೆಯಂತೆ ಏರಿಳಿವ ತುದಿಯ ರೇಕ್ ಅನ್ನು ಒಳಹೊರಗೆ ಎಳೆದಾಡಿ, ಅದೃಷ್ಟದಿಂದ ಪಿನ್‌ಗಳು ತಾವಾಗಿಯೇ ಕೂರುವಂತೆ ಮಾಡುವುದು. ಅಗ್ಗದ ಬೀಗ ಕೆಲವೊಮ್ಮೆ ಕ್ಷಣಾರ್ಧದಲ್ಲಿ ತೆರೆದುಕೊಳ್ಳುತ್ತದೆ. ಖುಷಿಯೇನೋ ಆಗುತ್ತದೆ, ಆದರೆ ಕಲಿತದ್ದು ಏನೂ ಇರುವುದಿಲ್ಲ. ಬೇಸರವಾದಾಗ ಮಾಡಬಹುದಾದ ಕೆಲಸ ಅದು.

ಮೊದಲ ಬೀಗ ಯಾವುದಿರಬೇಕು? ಪಾರದರ್ಶಕ ಪ್ಲಾಸ್ಟಿಕ್ಕಿನ ಅಭ್ಯಾಸದ ಬೀಗಗಳು ಎಲ್ಲ ಕಡೆ ಸಿಗುತ್ತವೆ. ಒಳಗೆ ಏನು ನಡೆಯುತ್ತದೆ ಎಂದು ಒಂದು ಸಲ ನೋಡಿ ತಿಳಿಯಲು ಅವು ಒಳ್ಳೆಯವು. ಕಲಿಯಲು ಮಾತ್ರ ಅಲ್ಲ: ಕಣ್ಣು ಕೆಲಸ ಮಾಡುತ್ತಿರುವಷ್ಟು ಹೊತ್ತು ಬೆರಳು ಕಲಿಯುವುದಿಲ್ಲ, ಪ್ಲಾಸ್ಟಿಕ್ ಕೊಡುವ ಸ್ಪರ್ಶವೂ ಹಿತ್ತಾಳೆಯದಲ್ಲ. ಪಿನ್‌ಗಳನ್ನು ತೆಗೆದು ಹಾಕಬಹುದಾದ ಅಭ್ಯಾಸದ ಸಿಲಿಂಡರ್ ಕೊಂಡರೆ ಎಷ್ಟೋ ಮೇಲು. ಅದರಲ್ಲಿ ಒಂದೇ ಪಿನ್ ಇಟ್ಟು ಶುರುಮಾಡಿ, ಆ ಒಂದರ ನಾಲ್ಕೂ ಸ್ಥಿತಿಗಳು, ಅಂದರೆ ಕುಣಿಯುವುದು, ಬಿಗಿಯುವುದು, ಕೂರುವುದು, ಮೀರುವುದು, ಬೆರಳಿಗೆ ಪರಿಚಯವಾದ ಮೇಲೆ ಎರಡಕ್ಕೆ, ಮೂರಕ್ಕೆ ಹೋಗಬಹುದು. ಪ್ಯಾಡ್‌ಲಾಕ್‌ಗಳಲ್ಲಿ ಮಾಸ್ಟರ್ ಲಾಕ್ ಕಂಪನಿಯ ಮೂರನೇ ನಂಬರಿನ, ಉಕ್ಕಿನ ಪದರಗಳ ಬೀಗ ಹವ್ಯಾಸಿಗಳ ನಡುವೆ ಬಹಳ ಹೆಸರುವಾಸಿ. ನಾಲ್ಕೇ ಪಿನ್, ಸಡಿಲವಾದ ರಚನೆ. ಹೆಚ್ಚಿನವರ ಮೊದಲ ಗೆಲುವು ಅದೇ. ಬೀಗವನ್ನು ಕೈಯಲ್ಲಿ ಹಿಡಿಯುವ ಬದಲು ಸಣ್ಣ ವೈಸ್‌ಗೆ ಕಚ್ಚಿಸಿಕೊಂಡರೆ ಎರಡೂ ಕೈಗಳು ಬಿಡುವಾಗಿರುತ್ತವೆ.

ತೆರೆದ ಬೀಗವನ್ನು ಬಿಚ್ಚಿ ನೋಡುವ ಅಭ್ಯಾಸವನ್ನೂ ಬೆಳೆಸಿಕೊಳ್ಳಬೇಕು. ಪ್ಲಗ್‌ನಷ್ಟೇ ದಪ್ಪದ, ಫಾಲೋವರ್ ಎಂಬ ದುಂಡು ಕೋಲನ್ನು ಹಿಂದೆಯೇ ತಳ್ಳುತ್ತ ಪ್ಲಗ್ ಅನ್ನು ಹೊರಗೆಳೆದರೆ, ಡ್ರೈವರ್ ಪಿನ್‌ಗಳೂ ಸ್ಪ್ರಿಂಗ್‌ಗಳೂ ತಮ್ಮ ಜಾಗದಲ್ಲೇ ನಿಲ್ಲುತ್ತವೆ. ಕೋಲು ಜಾರಿದರೆ ಸ್ಪ್ರಿಂಗ್‌ಗಳು ಚಿಮ್ಮಿ ಕೋಣೆಯ ಮೂಲೆ ಸೇರುತ್ತವೆ, ಹಾಗಾಗಿ ಕೆಳಗೊಂದು ಅಂಚಿರುವ ತಟ್ಟೆ ಇರಲಿ. ಬೆರಳು ಊಹಿಸಿದ್ದನ್ನು ಕಣ್ಣು ಪರೀಕ್ಷಿಸುವುದು ಇಲ್ಲಿ. ಮೂರನೆಯ ಪಿನ್ ಉದ್ದವಿರಬೇಕು ಎಂದುಕೊಂಡಿದ್ದರೆ ಹೌದೋ ಅಲ್ಲವೋ ಎಂಬುದು ತಟ್ಟೆಯ ಮೇಲೆಯೇ ಕಾಣುತ್ತದೆ.

ಎರಡು ನಿಯಮಗಳನ್ನು ಜಗತ್ತಿನ ಎಲ್ಲ ಹವ್ಯಾಸಿಗಳೂ ಒಪ್ಪುತ್ತಾರೆ. ನಿಮ್ಮದಲ್ಲದ ಬೀಗವನ್ನು ಅದರ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಬಳಕೆಯಲ್ಲಿರುವ ಬೀಗವನ್ನು, ಅದು ನಿಮ್ಮದೇ ಆಗಿದ್ದರೂ, ಮುಟ್ಟಬಾರದು. ಮೊದಲನೆಯದಕ್ಕೆ ಕಾರಣ ಹೇಳಬೇಕಾಗಿಲ್ಲ. ಎರಡನೆಯದನ್ನು ಹೊಸಬರು ಲಘುವಾಗಿ ತೆಗೆದುಕೊಳ್ಳುತ್ತಾರೆ, ಆದರೆ ಅದರ ಹಿಂದೆ ಯಂತ್ರದ ಕಾರಣವಿದೆ. ಪಿಕ್‌ನ ಒತ್ತಡಕ್ಕೆ ಪಿನ್‌ಗಳು ತರಚುತ್ತವೆ, ಸ್ಪ್ರಿಂಗ್‌ಗಳು ಸೊಟ್ಟಗಾಗುತ್ತವೆ. ಕೀಲಿಕೈ ಇಲ್ಲದೆ ಪ್ಲಗ್ ಅನ್ನು ಅರ್ಧ ಸುತ್ತು ತಿರುಗಿಸಿದಾಗ ಸೀಳಿನ ಇನ್ನೊಂದು ತುದಿ ಪಿನ್‌ಗಳ ಸಾಲಿಗೆ ಎದುರಾಗಿ ಬರುತ್ತದೆ; ಕೆಲವು ಬೀಗಗಳಲ್ಲಿ ಡ್ರೈವರ್ ಪಿನ್‌ಗಳು ಅದರೊಳಕ್ಕೆ ಇಳಿದು ಪ್ಲಗ್ ಅಲ್ಲೇ ಸಿಕ್ಕಿಬೀಳುತ್ತದೆ. ಬಾಗಿಲಿನ ಹೊರಗೆ ನಿಂತಾಗ ಇದು ನಡೆಯುವುದು ಯಾರಿಗೂ ಬೇಡ.

ಕಾನೂನು ಊರಿಂದೂರಿಗೆ ಬೇರೆ. ಕೆಲವು ದೇಶಗಳಲ್ಲಿ ಈ ಉಪಕರಣಗಳನ್ನು ಇಟ್ಟುಕೊಳ್ಳುವುದು ತಪ್ಪಲ್ಲ, ದುರುದ್ದೇಶ ಸಾಬೀತಾದರೆ ಮಾತ್ರ ಅಪರಾಧ. ಕೆಲವೆಡೆ ಸಕಾರಣ ತೋರಿಸುವ ಹೊಣೆ ಇಟ್ಟುಕೊಂಡವರದ್ದೇ. ಜಪಾನ್ 2003ರಲ್ಲಿ ಇದಕ್ಕೆಂದೇ ಕಾನೂನು ತಂದು, ಸರಿಯಾದ ಕಾರಣವಿಲ್ಲದೆ ಇಂಥವುಗಳನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ಕೊಳ್ಳುವ ಮೊದಲು ತಾವಿರುವಲ್ಲಿನ ಕಾನೂನು ನೋಡಿಕೊಳ್ಳುವುದು, ಅಭ್ಯಾಸದ ಬೀಗಗಳ ಜೊತೆ ಮನೆಯಲ್ಲೇ ಇಡುವುದು ಲೇಸು.

ಕಳ್ಳರಿಗೆ ವಿದ್ಯೆ ಕಲಿಸಿದಂತಾಗುವುದಿಲ್ಲವೇ ಎಂಬ ಪ್ರಶ್ನೆ ಹಳೆಯದು. 1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಬಂದಿದ್ದ ಅಮೆರಿಕದ ಬೀಗ ತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್, ಬ್ರಿಟನ್ ಹೆಮ್ಮೆಪಡುತ್ತಿದ್ದ ಚಬ್ ಕಂಪನಿಯ ಬೀಗವನ್ನು 25 ನಿಮಿಷಗಳಲ್ಲಿ ತೆರೆದ. ಆಮೇಲೆ ಅವನ ಕಣ್ಣು ಲಂಡನ್ನಿನದೇ ಆದ ಬ್ರಾಮಾ ಕಂಪನಿಯ ಬೀಗದ ಮೇಲೆ ಬಿತ್ತು. ಇದನ್ನು ತೆರೆಯುವ ಉಪಕರಣ ಮಾಡಿದವರಿಗೆ 200 ಗಿನಿ ಬಹುಮಾನ ಎಂಬ ಸವಾಲಿನೊಂದಿಗೆ ಆ ಬೀಗ ದಶಕಗಳಿಂದ ಪಿಕಡಿಲಿಯ ಅಂಗಡಿಯ ಕಿಟಕಿಯಲ್ಲಿ ಕುಳಿತಿತ್ತು. ಹಾಬ್ಸ್ ಹದಿನಾರು ದಿನಗಳಲ್ಲಿ ಹಂಚಿಕೊಂಡು ಸುಮಾರು 51 ಗಂಟೆ ಕೆಲಸ ಮಾಡಿ ಅದನ್ನೂ ತೆರೆದ. ಅವನ ವಿಧಾನ ನಾವು ಮೇಲೆ ನೋಡಿದ್ದೇ: ತಿರುಗುವ ದಿಕ್ಕಿಗೆ ಒತ್ತಡ ಹಿಡಿದು, ಒಳಗಿನ ಜಾರುಪಟ್ಟಿಗಳಲ್ಲಿ ಯಾವುದು ಬಿಗಿದುಕೊಂಡಿದೆ ಎಂದು ಒಂದೊಂದಾಗಿ ಹುಡುಕುವುದು. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. ಕಳ್ಳರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ, ಗುಟ್ಟು ಮುಚ್ಚಿಟ್ಟರೆ ಮೋಸಹೋಗುವುದು ಬೀಗ ಕೊಂಡವರೇ ಎಂಬುದು ಹಾಬ್ಸ್ ಪಕ್ಷದ ವಾದವಾಗಿತ್ತು. ಮುಂದೆ ಹಾಬ್ಸ್‌ನ ಕಂಪನಿಯ ಹೆಸರಾಂತ ಬೀಗವನ್ನೇ ಲೈನಸ್ ಯೇಲ್ ಎಂಬ ಇನ್ನೊಬ್ಬ ಅಮೆರಿಕನ್ ತೆರೆದು ತೋರಿಸಿದ. ಇಂದು ನಾವು ಬಳಸುವ ಚಪ್ಪಟೆ ಕೀಲಿಕೈಯ ಪಿನ್ ಟಂಬ್ಲರ್ ಬೀಗಕ್ಕೆ 1860ರ ದಶಕದಲ್ಲಿ ಪೇಟೆಂಟ್ ಪಡೆದವನು ಅದೇ ಯೇಲ್. ಬೀಗ ಒಡೆಯುವವರೂ ಕಟ್ಟುವವರೂ ಬೇರೆ ಬೇರೆ ಜನ ಎಂದುಕೊಳ್ಳುವುದು ತಪ್ಪು.

ಸಂಘಟಿತ ಆಟವಾಗಿ ಇದು ಬೆಳೆದದ್ದು ಈಚೆಗೆ. ಜರ್ಮನಿಯ ಹವ್ಯಾಸಿಗಳು 1997ರಲ್ಲಿ ಹ್ಯಾಂಬರ್ಗ್‌ನಲ್ಲಿ ಸಂಘ ಕಟ್ಟಿದರು. ನಂತರ ನೆದರ್ಲೆಂಡ್ಸ್‌ನಲ್ಲಿ ಟೂಲ್ ಎಂಬ ಸಂಘಟನೆ ಹುಟ್ಟಿ ಬೇರೆ ದೇಶಗಳಿಗೂ ಹಬ್ಬಿತು. ಸ್ಪರ್ಧೆಗಳಲ್ಲಿ ಒಂದೇ ಬಗೆಯ ಬೀಗಗಳನ್ನು ಎಲ್ಲರ ಮುಂದಿಟ್ಟು ಯಾರು ಬೇಗ ತೆರೆಯುತ್ತಾರೆ ಎಂದು ನೋಡುತ್ತಾರೆ. ಕಳ್ಳತನದ ಮಾತಿಗೆ ಬಂದರೆ, ತಾಸುಗಟ್ಟಲೆ ತಾಳ್ಮೆ ಬೇಡುವ ಈ ಕೆಲಸಕ್ಕಿಂತ ಒಂದು ಕಬ್ಬಿಣದ ಸನ್ನೆಕೋಲು ಕಳ್ಳರಿಗೆ ಹೆಚ್ಚು ಅನುಕೂಲ.

ಬಿಡಿಬಿಡಿಯಾಗಿ ಉತ್ತರ ಸೋರುವ ದೋಷ ಪಿನ್‌ಗಳಿಗೆ ಮಾತ್ರ ಸೀಮಿತವಲ್ಲ. ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅಮೆರಿಕದ ಅಣುಬಾಂಬ್ ಪ್ರಯೋಗಾಲಯವಾದ ಲಾಸ್ ಅಲಾಮೋಸ್‌ನಲ್ಲಿದ್ದಾಗ, ರಹಸ್ಯ ಕಡತಗಳ ಕಪಾಟುಗಳ ಡಯಲ್ ಎರಡು ಅಂಕಿ ಆಚೀಚೆ ಆದರೂ ಬೀಗ ಒಪ್ಪಿಕೊಳ್ಳುತ್ತದೆ ಎಂಬುದನ್ನು ಕಂಡುಕೊಂಡರು. ಅಲ್ಲಿಗೆ ಹತ್ತು ಲಕ್ಷ ಸಾಧ್ಯತೆಗಳು 8,000ಕ್ಕೆ ಇಳಿದವು. ಕಂಪ್ಯೂಟರ್ ಭದ್ರತಾ ತಜ್ಞ ಮ್ಯಾಟ್ ಬ್ಲೇಝ್ 2003ರಲ್ಲಿ ಪ್ರಕಟಿಸಿದ ಪ್ರಬಂಧವೂ ಇದೇ ಜಾಡಿನದು. ಒಂದೇ ಮಾಸ್ಟರ್ ಕೀಲಿಕೈ ಎಲ್ಲ ಬಾಗಿಲುಗಳನ್ನು ತೆರೆಯುವ ಕಟ್ಟಡದಲ್ಲಿ, ಒಂದು ಕೋಣೆಯ ಕೀಲಿಕೈ ಇದ್ದವರು ಹಲ್ಲಿನ ಒಂದೊಂದು ಸ್ಥಾನವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತ ಮಾಸ್ಟರ್ ಕೀಲಿಕೈಯ ಆಕಾರವನ್ನೇ ತಿಳಿಯಬಹುದು ಎಂದು ಅವರು ತೋರಿಸಿದರು.

ಈ ಸೋರಿಕೆಯನ್ನು ಬೀಗ ತಯಾರಕರು ಬಲ್ಲರು, ಅದಕ್ಕೇ ಸುಳ್ಳು ಸುಳಿವುಗಳನ್ನು ಬೆರೆಸುತ್ತಾರೆ. ಹೊಸಬರು ಒಂದೆರಡು ಸುಲಭ ಬೀಗ ಗೆದ್ದು ಬೀಗುವಷ್ಟರಲ್ಲಿ ಎದುರಾಗುವುದು ಇದು: ಸ್ಪೂಲ್ ಪಿನ್. ಡ್ರೈವರ್ ಪಿನ್‌ನ ನಡುವನ್ನು ಸವೆಸಿ ದಾರ ಸುತ್ತುವ ರೀಲಿನ ಆಕಾರ ಕೊಟ್ಟಿರುತ್ತಾರೆ. ಎತ್ತುತ್ತ ಹೋದಾಗ ಆ ಸಣ್ಣ ನಡು ಗಡಿಗೆ ಬಂದೊಡನೆ ಪ್ಲಗ್ ದಿಢೀರನೆ ಕೆಲವು ಡಿಗ್ರಿ ತಿರುಗಿ ನಿಲ್ಲುತ್ತದೆ. ಇನ್ನೇನು ತೆರೆಯಿತು ಎನಿಸುತ್ತದೆ, ತೆರೆಯುವುದಿಲ್ಲ. ಸುಳ್ಳು ಉತ್ತರವನ್ನು ಒಪ್ಪಿಕೊಂಡಂತೆ ಬೀಗ ನಟಿಸುತ್ತಿದೆ. ಪ್ರತಿ ಪಿನ್ ಅನ್ನೂ ಮೆಲ್ಲಗೆ ಒತ್ತಿ ನೋಡಬೇಕು. ಯಾವುದನ್ನು ಎತ್ತಿದಾಗ ರೆಂಚ್ ಹಿಂದಕ್ಕೆ ತಿರುಗಿ ಬೆರಳನ್ನು ತಳ್ಳುತ್ತದೋ ಅದು ಸ್ಪೂಲ್. ಇಲ್ಲಿ ಸಹಜ ಪ್ರವೃತ್ತಿಗೆ ವಿರುದ್ಧವಾದ ಕೆಲಸ ಮಾಡಬೇಕು: ಗೆದ್ದ ನೆಲವನ್ನು ಬಿಟ್ಟುಕೊಡುತ್ತ, ಒತ್ತಡ ಸಡಿಲಿಸಿ ಪ್ಲಗ್ ಹಿಂದೆ ಹೋಗಲು ಬಿಡಬೇಕು. ಆಗ ಸ್ಪೂಲ್‌ನ ಕೆಳಗಿನ ಅಂಚು ಗಡಿ ದಾಟಿ ನಿಜವಾಗಿ ಕೂರುತ್ತದೆ. ಈ ನಡುವೆ ಈಗಾಗಲೇ ಕೂತಿದ್ದ ಒಂದೆರಡು ಪಿನ್‌ಗಳು ಬಿದ್ದುಹೋಗಬಹುದು. ಅವನ್ನು ಮತ್ತೆ ಎತ್ತಬೇಕಾಗುತ್ತದೆ. ಮಾಸ್ಟರ್ ಲಾಕ್ 140 ಎಂಬ ಹಿತ್ತಾಳೆ ಬೀಗದಲ್ಲಿ ನಾಲ್ಕೇ ಪಿನ್‌ಗಳಿದ್ದು ಸ್ಪೂಲ್‌ಗಳಿರುವುದರಿಂದ ಈ ಪಾಠಕ್ಕೆ ಅದು ಅನುಕೂಲ. ಅಮೆರಿಕನ್ ಲಾಕ್ 1100ರಲ್ಲಿ ಗರಗಸದಂಥ ಸಣ್ಣ ಕಚ್ಚುಗಳ ಪಿನ್‌ಗಳೂ ಇರುತ್ತವೆ. ಒಂದೇ ಪಿನ್ ಮೂರು ನಾಲ್ಕು ಸಲ 'ಟಿಕ್' ಎಂದು ಪ್ರತಿ ಸಲವೂ ನಂಬಿಸುತ್ತದೆ. ಅದಕ್ಕೆ ಆತುರಪಡಬೇಡಿ. ಸ್ಪೂಲ್‌ಗಳನ್ನು ಬೆರಳು ಗುರುತಿಸತೊಡಗಿದ ಮೇಲೆ ಅದನ್ನು ಎತ್ತಿಕೊಂಡರೆ ಸಾಕು.

ಪಿನ್‌ಗಳಿಂದ ಮುಂದಕ್ಕೆ ಹೋಗುವವರಿಗೆ, ಪಿನ್‌ಗಳ ಬದಲು ಎತ್ತಬೇಕಾದ ಚಪ್ಪಟೆ ಪಟ್ಟಿಗಳಿರುವ ಲೀವರ್ ಬೀಗಗಳಿವೆ, ಅವುಗಳಿಗೆ ಬೇರೆಯದೇ ಆಕಾರದ ತಂತಿಗಳು ಬೇಕು. ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ 1907ರಲ್ಲಿ ರೂಪಿಸಿದ, ಈಗ ಅಬ್ಲಾಯ್ ಹೆಸರಿನಲ್ಲಿ ಪ್ರಸಿದ್ಧವಾದ ಬಗೆಯ ಬೀಗದಲ್ಲಿ ಪಿನ್ನೂ ಇಲ್ಲ, ಅದನ್ನು ಒತ್ತುವ ಸ್ಪ್ರಿಂಗೂ ಇಲ್ಲ. ಅದರೊಳಗೆ ಇರುವುದು ಸಾಲಾಗಿ ಜೋಡಿಸಿದ ಬಿಲ್ಲೆಗಳು. ಕೀಲಿಕೈ ಒಂದೊಂದನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿದಾಗ ಅವುಗಳ ಅಂಚಿನ ಕಚ್ಚುಗಳೆಲ್ಲ ಒಂದೇ ಸಾಲಿಗೆ ಬಂದು, ಅಡ್ಡ ಕೂತ ಕಂಬಿ ಅದರೊಳಗೆ ಇಳಿಯುತ್ತದೆ. ಹುಕ್ ಪಿಕ್ ಅಲ್ಲಿ ನಿರುಪಯೋಗಿ. ಒಂದೇ ಕೋಲಿನಲ್ಲಿ ಒತ್ತಡ ಹಿಡಿಯುವ ತುದಿಯನ್ನೂ ಬಿಲ್ಲೆ ತಿರುಗಿಸುವ ತುದಿಯನ್ನೂ ಕೂಡಿಸಿದ ಉಪಕರಣ ಬೇಕು. ಆದರೆ ಮೊದಲು ಹುಡುಕಬೇಕಾದದ್ದು ಅಲ್ಲಿಯೂ ಸಾಲಿನಲ್ಲಿ ಯಾವ ಬಿಲ್ಲೆ ಬಿಗಿದುಕೊಂಡಿದೆ ಎಂಬುದನ್ನೇ.